ತೊಟ್ಟಿಲ ಸುತ್ತ ತಕರಾರು

ಬಾಣಂತಿಯ ಕೋಣೆಗೆ ಹೋದವರೆಲ್ಲ ಒಂದೊಂದು ಉಪದೇಶ ಕೊಟ್ಟೇ ಬರುತ್ತಾರೆ. ಜೇನು ನೆಕ್ಕಿಸು ಎನ್ನುವವರೊಬ್ಬರು, ಅತ್ತಾಗಲೆಲ್ಲ ಎತ್ತಿ ರೂಢಿ ಮಾಡಬೇಡ ಎನ್ನುವವರು ಇನ್ನೊಬ್ಬರು. ಹಳೆಯದೆಲ್ಲ ಮೌಢ್ಯವೆಂದು ಸೊಸೆ, ಹೊಸದೆಲ್ಲ ಷೋಕಿಯೆಂದು ಅತ್ತೆ. ನಾನು ಯಾರ ಪಕ್ಷವೂ ಅಲ್ಲ. ಉತ್ತರ ಯಾರದೆಂದು ನೋಡಬೇಡಿ, ಸರಿಯೇ ತಪ್ಪೇ ನೋಡಿ ಎಂದು ತರಗತಿಯಲ್ಲಿ ಹೇಳುವ ಮಾತನ್ನೇ ಇಲ್ಲಿಯೂ ಹೇಳುತ್ತೇನೆ.

ಹದವಾಗಿ ಎಣ್ಣೆ ನೀವುವುದು, ಆರು ತಿಂಗಳು ತುಂಬಿದ ಮೇಲೆ ರಾಗಿ ಸರಿ ಉಣಿಸುವುದು ಅಜ್ಜಿಯರ ಬುದ್ಧಿವಂತಿಕೆ, ಉಳಿಯಲಿ. ಹೆರಿಗೆಯಾದೊಡನೆ ಬರುವ ಹಳದಿ ಹಾಲನ್ನು ಹಿಂಡಿ ಚೆಲ್ಲುವುದು, ವರ್ಷ ತುಂಬದ ಕೂಸಿಗೆ ಜೇನು ಕೊಡುವುದು ಅಪಾಯ, ಹೋಗಲಿ. ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು, ನೀರೂ ಬೇಡ. ಹಾಗೆಂದು ಡಬ್ಬಿಹಾಲೇ ನಾಗರಿಕತೆ ಎನ್ನುವವರಿಗೂ ಒಂದು ಮಾತು: ಅದರ ಜಾಹೀರಾತನ್ನೇ ನಮ್ಮ ದೇಶ 1992ರ ಕಾನೂನಿನಲ್ಲಿ ನಿಷೇಧಿಸಿತು. ಇನ್ನು, ಅಳುವ ಎಳೆಕೂಸನ್ನು ಎತ್ತಿಕೊಂಡರೆ ಅದು ಕೆಡುವುದಿಲ್ಲ. ಅಳು ಅದರ ಭಾಷೆ.

ನನ್ನ ಸಿಟ್ಟು ಬೇರೆಯೇ ಇದೆ. ಅಭಿಪ್ರಾಯ ಹೇಳಲು ಹತ್ತು ಜನ, ಉಚ್ಚೆಬಟ್ಟೆ ಒಗೆಯಲು ತಾಯಿಯೊಬ್ಬಳೇ. ಮಗುವಿಗೆ ಶೀತವಾದರೆ ತಪ್ಪೂ ಅವಳದೇ. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12 ವಾರದಿಂದ 26 ವಾರಕ್ಕೆ ಏರಿಸಿತು, ಸಂತೋಷ. ಆದರೆ ಮನೆಗೆಲಸದವಳಿಗೆ, ಸೊಪ್ಪು ಮಾರುವವಳಿಗೆ ಸಂಬಳದ ರಜೆ ಕೊಡುವವರು ಯಾರು? ಆರು ತಿಂಗಳು ಎದೆಹಾಲೇ ಕೊಡು ಎನ್ನುವವರು ಅವಳ ಆರು ತಿಂಗಳ ಅನ್ನದ ಮಾತನ್ನೂ ಆಡಬೇಕಲ್ಲವೇ?

ಆದ್ದರಿಂದ ತಾಯಂದಿರೇ, ಅತ್ತೆಯಂದಿರೇ, ನಿಮ್ಮ ಜಗಳ ಸಾಕು. ಮಗುವಿನ ಅಪ್ಪನನ್ನು ಕರೆದು ರಾತ್ರಿಯ ಒಂದು ಪಾಳಿ ಅವನಿಗೆ ಒಪ್ಪಿಸಿ. ಉಪದೇಶ ಆಮೇಲೆ ಮಾಡೋಣ.