ನಮ್ಮ ಬಾಲಿಕೆಯರೂ ಮನುಷ್ಯಾಕೃತಿಯ ಚಿತ್ರಣವೂ

ನಮ್ಮ ಬಾಲಿಕೆಯರು ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಶಕುಂತಲೆಯನ್ನೋ ಭೀಮಸೇನನನ್ನೋ ಬರೆಯುತ್ತಿರುವುದನ್ನು ಕಂಡು ತಂದೆತಾಯಿಗಳು ಅಸಮಾಧಾನಪಡುವುದುಂಟು. ಹೆಣ್ಣುಮಕ್ಕಳಿಗೆ ಹೂಬಳ್ಳಿಗಳೂ ರಂಗವಲ್ಲಿಯೂ ಸಾಕು, ಮನುಷ್ಯಾಕೃತಿಯನ್ನು ಬರೆಯುವುದು ಕಾಲಹರಣವೆಂದು ಅನೇಕರ ಮತ. ಈ ಮತವನ್ನು ನಾವು ಒಪ್ಪಲಾರೆವು.

ಕಥೆಯಿಂದ ಚಿತ್ರಕ್ಕೆ ಬರುವ ದಾರಿಯು ಹೊಸದಲ್ಲ. ರಾಜಾ ರವಿವರ್ಮನು ದಮಯಂತಿ, ಶಕುಂತಲೆ ಮೊದಲಾದವರನ್ನು ಪುರಾಣಕಾವ್ಯಗಳಿಂದಲೇ ಪಡೆದನು. 1894ರಲ್ಲಿ ಮುಂಬಯಿಯಲ್ಲಿ ಅವನು ತೆರೆದ ಕಲ್ಲಚ್ಚಿನ ಮುದ್ರಣಾಲಯವು ಅಂತಹ ಚಿತ್ರಗಳನ್ನು ಬಡವರ ಮನೆಯ ಗೋಡೆಗೂ ತಲಪಿಸಿತು. ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥೆಯು ಪುರಾಣಪುರುಷರನ್ನು ಮಕ್ಕಳ ಕೈಗೇ ಕೊಟ್ಟಿತು. ಇವುಗಳನ್ನು ನೋಡಿ ಬರೆಯುವ ಬಾಲಿಕೆಯು ಬೆರಳಿನ ಮಡಿಕೆಯನ್ನೂ ಸೀರೆಯ ನೆರಿಗೆಯನ್ನೂ ಕೋಪದ ಹುಬ್ಬನ್ನೂ ಗಮನಿಸಲು ಕಲಿಯುವಳು. ಇದು ಅಲ್ಪ ಲಾಭವಲ್ಲ.

ಆದರೆ ಅಷ್ಟಕ್ಕೇ ನಿಲ್ಲತಕ್ಕದ್ದಲ್ಲ. ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರವು ಹಂಸನೆಂಬ ಶ್ರೇಷ್ಠ ಪುರುಷನಿಗೆ 108 ಅಂಗುಲಗಳ ಎತ್ತರವನ್ನು ವಿಧಿಸಿದೆ. ಚಿತ್ರಕಥೆಯ ವೀರರನ್ನು ತಲೆಯ ಎಂಟರಷ್ಟು ಅಥವಾ ಅದಕ್ಕಿಂತಲೂ ಎತ್ತರವಾಗಿ ಬರೆಯುವುದು ವಾಡಿಕೆ. ನಾವು ದಿನವೂ ಕಾಣುವ ಜನರಾದರೋ ಸುಮಾರು ಏಳೂವರೆ ತಲೆಗಳಷ್ಟೇ ಎತ್ತರವುಳ್ಳವರು. ಮೊದಲಿನವು ಆದರ್ಶದ ಅಳತೆಗಳು. ಅವನ್ನು ಮಾತ್ರವೇ ಬಲ್ಲ ಬಾಲಿಕೆಯು ಕನ್ನಡಿಯ ಮುಂದೆ ನಿಂತು, ಚಿತ್ರದ ನಾಯಕಿಯ ಎಳೆನಡುವಿಗೆ ತನ್ನ ನಡುವನ್ನು ಹೋಲಿಸಿ, ಕುಂದಿಲ್ಲದ ತನ್ನ ಶರೀರದಲ್ಲಿ ಕುಂದನ್ನು ಕಾಣುವಳು. ನಮ್ಮ ಚಿಂತೆಯೆಲ್ಲ ಇದೇ.

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಸ್ತ್ರೀಯ ಚಿತ್ರವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ಅದು ರವಿವರ್ಮನದೆಂದು ಜನರು ತಪ್ಪಾಗಿ ಹೇಳುವುದುಂಟು. ವಾಸ್ತವವಾಗಿ ಅದನ್ನು ಜಲವರ್ಣದಲ್ಲಿ ರಚಿಸಿದವರು ಎಸ್. ಎಲ್. ಹಳದಣಕರರು. ದೀಪ ಹಿಡಿದು ಅವರೆದುರಿಗೆ ನಿಂತವಳು ಅಪ್ಸರೆಯಲ್ಲ; ಅವರ ಸ್ವಂತ ಮಗಳು. ಮನೆಯವರನ್ನೇ ಆದರದಿಂದ ನೋಡಿದುದರ ಫಲವನ್ನು ಇಂದಿಗೂ ಜನರು ನಿಂತು ನೋಡುತ್ತಾರೆ.

ಆದಕಾರಣ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ಪೋಷಕರಲ್ಲಿಯೂ ನಮ್ಮ ವಿಜ್ಞಾಪನೆಯೇನೆಂದರೆ: ಮಗಳ ಕೈಯಿಂದ ಚಿತ್ರಕಥೆಯನ್ನು ಕಸಿದುಕೊಳ್ಳಬೇಡಿರಿ. ಅದರೊಂದಿಗೆ ಅಕ್ಕಿ ಆರಿಸುವ ಅಜ್ಜಿಯನ್ನೂ ತೊಟ್ಟಿಲಲ್ಲಿ ಮಲಗಿದ ತಮ್ಮನನ್ನೂ ಬರೆಯಲು ಹೇಳಿರಿ. ಬಿಡುವಾದಾಗ ನೀವೇ ಅರ್ಧ ಗಂಟೆ ಕದಲದೆ ಅವಳೆದುರಿಗೆ ಕುಳಿತುಕೊಳ್ಳಿರಿ. ಚಿತ್ರದಲ್ಲಿ ನಿಮ್ಮ ಮೂಗು ಸೊಟ್ಟಗಾದರೂ ಚಿಂತೆಯಿಲ್ಲ. ಇದ್ದವರನ್ನು ಇದ್ದಂತೆಯೇ ನೋಡಿ ಪ್ರೀತಿಸುವ ಕಣ್ಣು ಅವಳಿಗೆ ಲಭಿಸುವುದು. ಆ ಕಣ್ಣು ಒಂದು ದಿನ ಅವಳನ್ನೂ ಹಾಗೆಯೇ ನೋಡೀತು.