ಏರಿಳಿಯುವ ದುಡಿಮೆಗೆ ಏರಿಳಿಯುವ ಸಾಲ

ನಮ್ಮ ಕಮಲಾಪುರದಲ್ಲಿ ದುಡಿಮೆ ವರ್ಷವಿಡೀ ಒಂದೇ ಸಮನೆ ಇರುವುದಿಲ್ಲ. ಅಕ್ಟೋಬರ್‌ನಿಂದ ಫೆಬ್ರವರಿಯವರೆಗೆ ಹಂಪಿಗೆ ಜನ ಬರುತ್ತಾರೆ. ಆಟೋ ಓಡಿಸುವವರಿಗೆ, ಎಳನೀರು ಮಾರುವವರಿಗೆ, ಸಣ್ಣ ಹೋಟೆಲಿನವರಿಗೆ ಕೈತುಂಬ ಕೆಲಸ. ಮಾರ್ಚ್ ಕಳೆಯಿತೆಂದರೆ ಬಿಸಿಲಿಗೆ ರಸ್ತೆಯೇ ಬರಿದಾಗುತ್ತದೆ. ಬಾಳೆ, ಕಬ್ಬು ಬೆಳೆಯುವವರಿಗೂ ಹಣ ಕೈಸೇರುವುದು ಕಟಾವಿನ ನಂತರವೇ. ಆದರೆ ಖರ್ಚಿಗೆ ಇಂತಹ ಕಾಲವಿಲ್ಲ. ಶಾಲೆಯ ಫೀಸು, ಬಾಡಿಗೆ, ಔಷಧಿ ಯಾವುದೂ ಪ್ರವಾಸಿಗರು ಬರಲೆಂದು ಕಾಯುವುದಿಲ್ಲ.

ಮನೆಯಲ್ಲೇ ಹೊಲಿಗೆ ಮಾಡುವ ಒಬ್ಬ ಸಹೋದರಿ ಇತ್ತೀಚೆಗೆ ಕೇಳಿದರು: “ಆಪಾ, ವರ್ಷಕ್ಕೆ ಮೂರು ಸಲ ಬಟ್ಟೆ ತರಲು ದುಡ್ಡು ಬೇಕು. ಹೊಲಿದು ಕೊಟ್ಟ ಮೇಲೆ ದುಡ್ಡು ಬರುತ್ತದೆ. ಆದರೆ ಪ್ರತಿ ಸಲವೂ ಹೊಸ ಸಾಲ, ಹೊಸ ಸಹಿ, ಪ್ರತಿ ವಾರ ಕಂತು. ಇನ್ನೊಂದು ಬ್ಯಾಂಕಿನಲ್ಲಿ ಖಾತೆ ತೆರೆದರೆ ಬೇಕಾದಾಗ ತೆಗೆದು, ಆದಾಗ ಕಟ್ಟುವ ಸಾಲ ಕೊಡುತ್ತಾರಂತೆ. ಹೋಗಲೇ?” ಅವರಿಗೆ ಹತ್ತು ವರ್ಷಗಳಿಂದ ಬ್ಯಾಂಕ್ ಖಾತೆ ಇದೆ. ಅಲ್ಲಿಗೆ ಹೋಗುವುದು ಗೃಹಲಕ್ಷ್ಮಿಯ ಎರಡು ಸಾವಿರ ತೆಗೆಯಲು ಮಾತ್ರ. ಸಾಲದ ಬಗ್ಗೆ ಅಲ್ಲಿ ಒಂದು ದಿನವೂ ಬಾಯಿ ಬಿಟ್ಟಿಲ್ಲ.

ಸಹೋದರಿಯರೇ, ಅವರು ಹುಡುಕುತ್ತಿರುವ ಸಾಲಕ್ಕೆ ಓವರ್‌ಡ್ರಾಫ್ಟ್ ಅಥವಾ ಕ್ಯಾಶ್ ಕ್ರೆಡಿಟ್ ಎಂದು ಹೆಸರು. ಬ್ಯಾಂಕು ಒಂದು ಮಿತಿ ಹಾಕಿಕೊಡುತ್ತದೆ. ಆ ಮಿತಿಯೊಳಗೆ ಬೇಕಾದಷ್ಟು ತೆಗೆಯಬಹುದು, ಹಣ ಬಂದಾಗ ತುಂಬಬಹುದು, ಮತ್ತೆ ತೆಗೆಯಬಹುದು. ಬಡ್ಡಿ ಬೀಳುವುದು ಮಿತಿಯ ಮೇಲಲ್ಲ, ತೆಗೆದಿರುವ ಹಣಕ್ಕೆ, ಅದು ಹೊರಗಿರುವ ದಿನಗಳಿಗೆ ಮಾತ್ರ. ಐವತ್ತು ಸಾವಿರದ ಮಿತಿಯಲ್ಲಿ ಇಪ್ಪತ್ತು ಸಾವಿರ ತೆಗೆದು ಮೂರು ತಿಂಗಳಲ್ಲಿ ತುಂಬಿದರೆಂದು ಇಟ್ಟುಕೊಳ್ಳಿ. ದರ ವರ್ಷಕ್ಕೆ ನೂರಕ್ಕೆ 12 ಎಂದು ಲೆಕ್ಕ ಹಿಡಿದರೆ ತಗಲುವುದು 600 ರೂಪಾಯಿ. ಅದೇ ಹಣವನ್ನು ತಿಂಗಳಿಗೆ ನೂರಕ್ಕೆ ಐದರಂತೆ ಕೈಸಾಲ ತಂದರೆ 3,000 ರೂಪಾಯಿ. ಎರಡೂ ಬಡ್ಡಿಯೇ, ಅದರ ಮಾತು ಮುಂದೆ ಬರುತ್ತದೆ. ಮೊದಲು ಲೆಕ್ಕ ತಿಳಿದಿರಲಿ.

ಇದಕ್ಕಾಗಿ ಬ್ಯಾಂಕು ಬದಲಿಸುವ ಅಗತ್ಯ ಸಾಮಾನ್ಯವಾಗಿ ಇಲ್ಲ. ನಮ್ಮ ಭಾಗದ ಗ್ರಾಮೀಣ ಬ್ಯಾಂಕನ್ನೇ ನೋಡಿ. ತುಂಗಭದ್ರಾ ಗ್ರಾಮೀಣ ಬ್ಯಾಂಕ್ 2005ರಲ್ಲಿ ಪ್ರಗತಿಯಾಯಿತು, 2013ರಲ್ಲಿ ಪ್ರಗತಿ ಕೃಷ್ಣವಾಯಿತು, 2019ರಲ್ಲಿ ಬಳ್ಳಾರಿಯಲ್ಲೇ ಕೇಂದ್ರ ಕಚೇರಿಯಿರುವ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಬೋರ್ಡು ಬದಲಾಯಿತು, ಖಾತೆದಾರರ ಹಳೆಯ ಲೆಕ್ಕ ಮುಂದುವರಿಯಿತು. ಸಾಲ ಕೇಳುವವರಿಗೆ ಆ ಹಳೆಯ ಲೆಕ್ಕವೇ ಬಂಡವಾಳ. ಹತ್ತು ವರ್ಷ ಹಣ ಹಾಕಿ ತೆಗೆದ ಖಾತೆ ನಿಮ್ಮ ಪರವಾಗಿ ಮಾತಾಡುತ್ತದೆ. ಹೊಸ ಬ್ಯಾಂಕಿನಲ್ಲಿ ನೀವು ಮತ್ತೆ ಅಪರಿಚಿತರು.

ಹಾಗಾದರೆ ಅಲ್ಲಿ ಏನೆಂದು ಕೇಳಬೇಕು?

ಜನಧನ್ ಖಾತೆಯಾಗಿದ್ದರೆ ಓವರ್‌ಡ್ರಾಫ್ಟ್ ಕೇಳಿ. 2014ರಲ್ಲಿ ಯೋಜನೆ ಶುರುವಾದಾಗ ಇದರ ಮಿತಿ 5,000 ಇತ್ತು, 2018ರಲ್ಲಿ 10,000 ಆಯಿತು. ಖಾತೆ ಆರು ತಿಂಗಳು ಚೆನ್ನಾಗಿ ನಡೆದಿರಬೇಕು. ಒಂದು ಮನೆಗೆ ಒಬ್ಬರಿಗೆ, ಅದರಲ್ಲೂ ಹೆಂಗಸರಿಗೆ ಆದ್ಯತೆ. ಸಣ್ಣ ವ್ಯಾಪಾರವಿದ್ದರೆ ಮುದ್ರಾ ಯೋಜನೆಯಲ್ಲಿ ಕ್ಯಾಶ್ ಕ್ರೆಡಿಟ್ ಕೇಳಿ. ಅದರ ‘ಶಿಶು’ ವಿಭಾಗದಲ್ಲಿ 50,000ದವರೆಗೆ ಅಡಮಾನವಿಲ್ಲದೆ ಕೊಡಲು ಅವಕಾಶವಿದೆ. ಠೇವಣಿ ಇದ್ದವರು ಅದನ್ನು ಮುರಿಯದೆ ಅದರ ಆಧಾರದ ಮೇಲೆಯೇ ಓವರ್‌ಡ್ರಾಫ್ಟ್ ಪಡೆಯಬಹುದು. ಸ್ವಸಹಾಯ ಗುಂಪಿನಲ್ಲಿದ್ದರೆ ಗುಂಪಿನ ಹೆಸರಿಗೇ ಕ್ಯಾಶ್ ಕ್ರೆಡಿಟ್ ಮಿತಿ ಸಿಗುತ್ತದೆ. ಹತ್ತು ಲಕ್ಷದವರೆಗೆ ಗುಂಪುಗಳಿಂದ ಅಡಮಾನ ಕೇಳಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ.

ಆಧಾರ್, ಪಾನ್, ಪಾಸ್‌ಬುಕ್, ವ್ಯಾಪಾರದ ಉದ್ಯಮ್ ನೋಂದಣಿ ಇಟ್ಟುಕೊಂಡು ಹೋಗಿ. ಉದ್ಯಮ್ ನೋಂದಣಿಗೆ ಸರ್ಕಾರದ ಶುಲ್ಕವಿಲ್ಲ. ಮ್ಯಾನೇಜರ್ ಮುಂದೆ ಕುಳಿತು ನಾಲ್ಕು ಪ್ರಶ್ನೆ ಕೇಳಿ: ಮಿತಿ ಎಷ್ಟು? ದರ ಎಷ್ಟು? ವರ್ಷಕ್ಕೊಮ್ಮೆ ನವೀಕರಿಸಲು ಖರ್ಚೆಷ್ಟು? ಜೊತೆಗೆ ವಿಮೆ ಏನಾದರೂ ಸೇರಿಸುತ್ತೀರಾ? ‘ಆಗುವುದಿಲ್ಲ’ ಎಂದರೆ ಏಕೆ ಎಂದು ಕೇಳಿ, ಲಿಖಿತ ಅರ್ಜಿ ಕೊಟ್ಟು ಅದರ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಕೌಂಟರಿನಲ್ಲಿ ಬಾಯಿಮಾತಿನಲ್ಲಿ ಬಂದ ನಿರಾಕರಣೆಯನ್ನೇ ಕೊನೆಯ ಉತ್ತರವೆಂದು ತಿಳಿದು ಎಷ್ಟೋ ಹೆಂಗಸರು ವಾರದ ಸಾಲದವರ ಕಡೆ ತಿರುಗುತ್ತಾರೆ. ಆ ವಸೂಲಿಯ ಕಾಟ ಎಷ್ಟು ಮಿತಿಮೀರಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು.

ಈ ಸಾಲದಲ್ಲೂ ಅಪಾಯವಿದೆ. ವಾರದ ಕಂತಿನವರು ಬಾಗಿಲು ತಟ್ಟುತ್ತಾರೆ, ಓವರ್‌ಡ್ರಾಫ್ಟ್ ಬಾಗಿಲು ತಟ್ಟುವುದಿಲ್ಲ. ಆದ್ದರಿಂದ ಅದು ಸಾಲವೆಂಬುದೇ ಮರೆತುಹೋಗುತ್ತದೆ. ಬಟ್ಟೆ ತರಲು ತೆಗೆದ ಹಣ ಹೊಲಿದು ಮಾರಿದಾಗ ತಿರುಗಿ ಬರುತ್ತದೆ. ಮದುವೆಯ ಊಟಕ್ಕೆ, ಹೊಸ ಫ್ರಿಜ್‌ಗೆ ತೆಗೆದ ಹಣ ತಿರುಗಿ ಬರುವುದಿಲ್ಲ. ಖಾತೆ ಮಿತಿಯ ತುದಿಗೇ ಅಂಟಿಕೊಂಡು, 90 ದಿನ ಅದಕ್ಕೆ ಏನೂ ಜಮೆಯಾಗದಿದ್ದರೆ ಬ್ಯಾಂಕು ಅದನ್ನು ಕೆಟ್ಟ ಸಾಲವೆಂದು ಬರೆದುಕೊಳ್ಳುತ್ತದೆ. ಮುಂದೆ ಯಾವ ಬ್ಯಾಂಕಿಗೆ ಹೋದರೂ ಆ ಕಲೆ ಕಾಣುತ್ತದೆ. ಕ್ರೆಡಿಟ್ ಕಾರ್ಡು ಇನ್ನೂ ಜಾರುವ ನೆಲ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿಯಿಲ್ಲ. ಆದರೆ ‘ಕನಿಷ್ಠ ಮೊತ್ತ’ ಮಾತ್ರ ಕಟ್ಟುತ್ತಾ ಹೋದರೆ ತಿಂಗಳಿಗೆ ನೂರಕ್ಕೆ ಮೂರರ ಮೇಲೆಯೇ ಬೀಳುವುದುಂಟು. ಕಾರ್ಡಿನಿಂದ ನಗದು ತೆಗೆದರೆ ಅದೇ ದಿನದಿಂದ ಬಡ್ಡಿ.

ಇನ್ನು ನಮ್ಮ ಮನಸ್ಸನ್ನು ಕೊರೆಯುವ ಪ್ರಶ್ನೆಗೆ ಬರೋಣ. ಬಡ್ಡಿ ನಿಷಿದ್ಧ. ದರ ಕಡಿಮೆಯಾಯಿತೆಂದು ಅದರ ಹೆಸರು ಬದಲಾಗುವುದಿಲ್ಲ. ಬ್ಯಾಂಕುಗಳಲ್ಲಿ ಬಡ್ಡಿರಹಿತ ವಿಭಾಗ ತೆರೆಯಬಹುದೆಂದು ರಿಸರ್ವ್ ಬ್ಯಾಂಕಿನ ದೀಪಕ್ ಮೊಹಂತಿ ಸಮಿತಿ 2015ರಲ್ಲಿ ಸಲಹೆ ಕೊಟ್ಟಿತ್ತು. 2017ರಲ್ಲಿ ಆ ಪ್ರಸ್ತಾಪವನ್ನು ಮುಂದುವರಿಸುವುದಿಲ್ಲವೆಂದು ತೀರ್ಮಾನವಾಯಿತು. ಹಾಗಾಗಿ ಬ್ಯಾಂಕಿನ ಬಾಗಿಲು ತಟ್ಟುವ ಮೊದಲು ಬಡ್ಡಿಯಿಲ್ಲದ ದಾರಿಗಳನ್ನು ನೋಡಿ ಮುಗಿಸಬೇಕು. ಬೇರೆ ದಾರಿಯೇ ಕಾಣದ ಕಷ್ಟದಲ್ಲಿರುವವರು ತಮ್ಮ ಪರಿಸ್ಥಿತಿಯನ್ನು ಬಲ್ಲ ಉಲಮಾಗಳ ಮುಂದಿಟ್ಟು ಕೇಳಬೇಕೇ ಹೊರತು ನೆರೆಮನೆಯವರ ಮಾತಿಗೆ ನಡೆಯಬಾರದು.

ಬಡ್ಡಿಯಿಲ್ಲದ ದಾರಿಗಳು ಇಲ್ಲವೆಂದಲ್ಲ. ಜಮೀನಿರುವ ಮನೆಯವರು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ವಿಚಾರಿಸಿ. ರೈತರ ಅಲ್ಪಾವಧಿ ಬೆಳೆ ಸಾಲಕ್ಕೆ ರಾಜ್ಯ ಸರ್ಕಾರವೇ ಬಡ್ಡಿ ಭರಿಸುತ್ತದೆ. ಅದರ ಮಿತಿಯನ್ನು 2023ರ ಬಜೆಟ್‌ನಲ್ಲಿ ಮೂರರಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಗಡುವಿನೊಳಗೆ ಕಟ್ಟಬೇಕು, ತಪ್ಪಿದರೆ ಸೌಲಭ್ಯ ತಪ್ಪುತ್ತದೆ.

ಜಮೀನಿಲ್ಲದವರಿಗೆ ಇನ್ನೊಂದು ದಾರಿ ನಮ್ಮ ಕೈಯಲ್ಲೇ ಇದೆ. ಒಂದು ಓಣಿಯ ಹತ್ತು ಹೆಂಗಸರು ತಿಂಗಳಿಗೆ ಇನ್ನೂರು ರೂಪಾಯಿಯಂತೆ ಕೂಡಿಟ್ಟರೆ ವರ್ಷಕ್ಕೆ 24,000, ಎರಡು ವರ್ಷಕ್ಕೆ 48,000. ಬೇಕಾದವರು ತೆಗೆಯುತ್ತಾರೆ, ಬಡ್ಡಿಯಿಲ್ಲದೆ ತುಂಬುತ್ತಾರೆ, ಮತ್ತೊಬ್ಬರು ತೆಗೆಯುತ್ತಾರೆ. ಕರ್ಜೆ ಹಸನ್ ಎಂದು ನಾವು ಓದಿದ್ದು ಇದನ್ನೇ. ಬ್ಯಾಂಕಿನವರ ಏರಿಳಿಯುವ ಸಾಲ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ, ಬಡ್ಡಿಯಿಲ್ಲದೆ.

ಆದರೆ ಇಂತಹ ಕೂಟಗಳು ಮುರಿಯುವುದು ಹಣ ಸಾಲದೆ ಅಲ್ಲ, ಲೆಕ್ಕ ಬರೆಯದೆ. ‘ನಮ್ಮವರೇ ಅಲ್ಲವೇ, ಬರೆಯುವುದೇಕೆ’ ಎಂಬ ಸಂಕೋಚದಿಂದಲೇ ಮನಸ್ತಾಪ ಹುಟ್ಟುತ್ತದೆ. ಕುರ್‌ಆನಿನ ಅತಿ ದೀರ್ಘ ಸೂಕ್ತ, ಅಲ್ ಬಕರದ 282ನೆಯದು, ಸಾಲವನ್ನು ಬರೆದಿಟ್ಟುಕೊಳ್ಳುವ ಕುರಿತಾದದ್ದು. ಮೊತ್ತ ಸಣ್ಣದಾಗಲಿ ದೊಡ್ಡದಾಗಲಿ, ಅವಧಿಯೊಂದಿಗೆ ಬರೆಯಬೇಕು, ಸಾಕ್ಷಿ ಇರಬೇಕು. ಅದಕ್ಕಿಂತ ಎರಡು ಸೂಕ್ತಗಳ ಹಿಂದೆಯೇ, ಸಾಲಗಾರ ಕಷ್ಟದಲ್ಲಿದ್ದರೆ ಅನುಕೂಲವಾಗುವವರೆಗೆ ಕಾಲಾವಕಾಶ ಕೊಡಬೇಕೆಂಬ ಆದೇಶವಿದೆ. ಶಿಸ್ತು ಮತ್ತು ಕರುಣೆ ಎರಡೂ ಅಕ್ಕಪಕ್ಕದಲ್ಲೇ ಇವೆ.

ಆ ಸಹೋದರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಒಂದು ನೋಟ್‌ಬುಕ್ ತೆಗೆದುಕೊಂಡು ಹನ್ನೆರಡು ತಿಂಗಳ ಹೆಸರು ಬರೆಯಿರಿ. ಯಾವ ತಿಂಗಳು ಹಣ ಬರುತ್ತದೆ, ಯಾವ ತಿಂಗಳು ಸಾಲದು ಎಂದು ಎದುರಿಗೆ ಗುರುತು ಹಾಕಿ. ನಿಮಗೆ ಬೇಕಾದ ಸಾಲ ಎಷ್ಟು, ಎಷ್ಟು ತಿಂಗಳಿಗೆ ಎಂಬುದು ಆ ಪುಟದಲ್ಲೇ ಕಾಣುತ್ತದೆ. ಕೈತುಂಬ ದುಡಿಮೆಯ ತಿಂಗಳುಗಳಲ್ಲಿ ತೆಗೆದದ್ದೆಲ್ಲ ತುಂಬಿ, ವರ್ಷಕ್ಕೊಮ್ಮೆಯಾದರೂ ಬಾಕಿ ಸೊನ್ನೆಗೆ ಬರಬೇಕು. ಹಾಗೆ ಸೊನ್ನೆಗೆ ಬಾರದ ಸಾಲವನ್ನು, ಅದು ಎಷ್ಟೇ ಸುಲಭವಾಗಿ ಸಿಕ್ಕರೂ, ತೆಗೆಯಬೇಡಿ.