ಜಗಲಿ ಬಿಚ್ಚುವ ಮೊದಲು

ನಮ್ಮ ಮಾದಿಹಳ್ಳಿ ಸುತ್ತಮುತ್ತ ಈಗ ಹಳೇ ಮನೆ ಬಿಚ್ಚಿ ತಾರಸಿ ಮನೆ ಕಟ್ಟೋರೇ ಹೆಚ್ಚು. ತಪ್ಪೇನಿಲ್ಲ. ಸೋರುವ ಹೆಂಚಿನ ಕೆಳಗೆ ಪಾತ್ರೆ ಇಟ್ಟು ಮಳೆಗಾಲ ಕಳೆದವರಿಗೇ ಅದರ ಕಷ್ಟ ಗೊತ್ತು. ನನ್ನ ತಕರಾರು ಒಂದೇ. ಬಿಚ್ಚುವಾಗ ಮೊದಲು ಹೋಗುವುದು ಜಗಲಿ. ಆ ಜಾಗದಲ್ಲಿ ಬೈಕು ನಿಲ್ಲುತ್ತದೆ, ಒಳಗೆ ಸೋಫಾ ಬರುತ್ತದೆ.

ಈ ಸೋಫಾ ಆದರೂ ಏನು? ಅರಬ್ಬಿಯ 'ಸುಫ್ಫಾ' ಎಂಬ ಮಾತಿನಿಂದ ಬಂದದ್ದು. ಅಂದರೆ ಕೂರಲು ಎತ್ತರಿಸಿದ ಕಟ್ಟೆ, ನಮ್ಮ ಜಗಲಿಯೇ! ದಿವಾನವೂ ಹಾಗೇ. ಪರ್ಷಿಯನ್ ಭಾಷೆಯಲ್ಲಿ ದಿವಾನ್ ಅಂದರೆ ಮೊದಲು ಲೆಕ್ಕದ ಪುಸ್ತಕ, ಆಮೇಲೆ ಕಚೇರಿ, ಕೊನೆಗೆ ಕಚೇರಿ ಗೋಡೆ ಪಕ್ಕದ ಆಸನ. ಮೈಸೂರಿನ ದಿವಾನ್ ಪೂರ್ಣಯ್ಯನವರ ಹುದ್ದೆಗೂ ಅಂಗಡಿಯಲ್ಲಿ ಮಾರುವ ದಿವಾನಕ್ಕೂ ಮೂಲ ಒಂದೇ.

ನಮ್ಮ ಸೀಮೆಯಲ್ಲಿ ಇದಕ್ಕಿಂತ ಹಳೇ ಆಸನ ಕಣ್ಣೆದುರಿಗೇ ಇದೆ. ಹೊಯ್ಸಳರ ತೆರೆದ ಮಂಟಪಗಳ ಅಂಚಿನಲ್ಲಿ ಬೆನ್ನು ಒರಗಿಸಲು ಇಳಿಜಾರಾಗಿ ಕಡೆದ ಕಲ್ಲಿನ ಕಟ್ಟೆ ನೋಡಿರಬಹುದು. ಅದಕ್ಕೆ ಕಕ್ಷಾಸನ ಅಂತಾರೆ. 1117ರ ಬೇಲೂರು ದೇವಸ್ಥಾನದ ಮಂಟಪವೂ ಮೊದಲು ತೆರೆದೇ ಇತ್ತು. ಜಾಲಂಧ್ರದ ಗೋಡೆ ಆಮೇಲೆ ಬಂತು.

ಹಾಗಂತ ಜಗಲಿಯನ್ನು ಹೊಗಳಿ ಅಟ್ಟಕ್ಕೇರಿಸುವುದೂ ಬೇಡ. ಎಲ್ಲರೂ ಅದನ್ನು ಹತ್ತುವ ಹಾಗಿರಲಿಲ್ಲ. ಗೇಣಿ ಒಪ್ಪಿಸಲು ಹೋದ ನಮ್ಮಪ್ಪ ಜಮೀನ್ದಾರರ ಜಗಲಿ ಕೆಳಗೆ ನಿಂತೇ ಮಾತಾಡಿ ಬರ್ತಿದ್ದ. ಕೆಲವು ಜಾತಿಯವರಿಗೆ ಅಂಗಳವೂ ದೂರವೇ ಆಗಿತ್ತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣೆ ಕಾಯ್ದೆ ತಿದ್ದಿದ ಮೇಲೆ ಏಳನೇ ನಮೂನೆ ಅರ್ಜಿ ಹಾಕಿದ ಗೇಣಿದಾರರು ಎಷ್ಟೋ ಜನ ಹೊಲದ ಒಡೆಯರಾದರು. ನಮ್ಮಪ್ಪನಿಗೂ ಎರಡು ಎಕರೆ ಬಂತು. ಅವನು ಮೊದಲು ಮಾಡಿದ ಕೆಲಸ, ಮನೆ ಮುಂದೆ ಎರಡು ಚಪ್ಪಡಿ ಕಲ್ಲು ಹಾಸಿದ್ದು. ಅದರ ಮೇಲೆ ಯಾರು ಬೇಕಾದರೂ ಕೂರಬಹುದಿತ್ತು.

ಈಗ ನೋಡಿ. ರಾಗಿ ಕಟಾವಿಗೋ ಆಲೂಗೆಡ್ಡೆ ಕೀಳಲಿಕ್ಕೋ ಬಂದ ಆಳುಗಳು ಸೋಫಾ ಮೇಲೆ ಕೂರಲ್ಲ, ನಾವೂ 'ಬನ್ನಿ, ಕೂತ್ಕಳ್ಳಿ' ಅನ್ನಲ್ಲ. ಕಾಲಲ್ಲಿ ಮಣ್ಣಿದೆ ಅಂತ ಅವರು, ಬಟ್ಟೆ ಕೊಳೆಯಾಗ್ತದೆ ಅಂತ ನಾವು. ಪ್ಲಾಸ್ಟಿಕ್ ಕುರ್ಚಿ ಇರೋದು ಎರಡು, ಬಂದವರು ಎಂಟು ಜನ. ಉಳಿದವರು ಮತ್ತೆ ಕೆಳಗೇ. ಅಪ್ಪನ ಕಾಲಕ್ಕೇ ವಾಪಸ್ಸು ಹೋದ ಹಾಗಾಯ್ತಲ್ಲವೇ? ಆಳು ಸಿಗಲ್ಲ ಅಂತ ಗೊಣಗುವ ನಾವು ಇದನ್ನೂ ಸ್ವಲ್ಪ ಯೋಚಿಸಬೇಕು.

ಖರ್ಚಿನ ಮಾತೂ ಅಲ್ಲ ಇದು. ಹಳೇ ಮನೆಯ ಚಪ್ಪಡಿ ಮಾರಬೇಡಿ, ಒಂದೂವರೆ ಅಡಿ ಎತ್ತರಕ್ಕೆ ಹೊಸ ಗೋಡೆಗೇ ಸೇರಿಸಿ ಹಾಕಿಸಿ. ಕಲ್ಲಿಲ್ಲದಿದ್ದರೆ ಫಸಲು ನಿಂತ ಹಳೇ ತೆಂಗಿನ ಮರ ಸೀಳಿಸಿ. ಬುಡದ ಕಡೆಯ ಹೊರಭಾಗವೇ ಗಟ್ಟಿ, ಒಳಗಿನ ತಿರುಳು ಮೆದು, ಅದನ್ನು ಬಿಡಿ. ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಇಡಿ, ಇಲ್ಲದಿದ್ದರೆ ಗೆದ್ದಲು ಹಿಡಿಯುತ್ತದೆ.

ಸೋಫಾ ಒಳಗಿರಲಿ. ಕೇಳದೇ ಬಂದು ಕೂರುವಂಥ ಒಂದು ಕಟ್ಟೆ ಹೊರಗೂ ಇರಲಿ.